ಹೆಡ್‌ಲೈಟು ಬಿಚ್ಚುತ್ತಿದ್ದ ಕಾಲ

ಹೋದ ವಾರ ಒಂದು ಬೆಳಿಗ್ಗೆ ಪಕ್ಕದ ಮನೆಯ ಸೆಲ್ವಂ ತನ್ನ ಕಾರಿನ ಒಡೆದ ಹೆಡ್‌ಲೈಟನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಕಾಲು ಮುರಿದ ಕೋಳಿಯನ್ನು ತರುವವನ ಹಾಗೆ ಎದೆಗವಚಿಕೊಂಡು ನಮ್ಮ ಜಗುಲಿಗೆ ಬಂದ. ಅವನು ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸದಲ್ಲಿರುವವನು. ಕಾರು ಕೊಂಡು ಇನ್ನೂ ಮೂರು ತಿಂಗಳಾಗಿಲ್ಲ. ಹೆಂಡತಿ ಗೇಟಿಗೆ ತಗುಲಿಸಿಬಿಟ್ಟಳು ಎಂದ; ತಗುಲಿಸಿದವನು ಅವನೇ ಇರಬೇಕೆಂದು ನನ್ನ ಗುಮಾನಿ. ಇದನ್ನು ಬಿಚ್ಚುವ ಹಾಗೇ ಇಲ್ಲ, ಇಡೀ ಸೆಟ್ಟು ಬದಲಾಯಿಸಬೇಕು ಎಂದು ಮೆಕ್ಯಾನಿಕ್ಕು ಹೇಳಿದನಂತೆ. ಮತ್ತಿಗಿರಿಯ ನಮ್ಮ ಬೀದಿಯಲ್ಲಿ ನನಗೆ ಲೈಟ್ ತಾತ ಎಂದು ಹೆಸರು. ನಲವತ್ತು ವರ್ಷ ಬಸ್ಸು, ಲಾರಿ, ಕಾರುಗಳ ದೀಪ ರಿಪೇರಿ ಮಾಡಿ ಬದುಕಿದವನು ನಾನು. ನಾನೊಮ್ಮೆ ಮುಟ್ಟಿದರೆ ಏನಾದರೂ ದಾರಿ ಕಂಡೀತೆಂದು ಅವನ ನಂಬಿಕೆ.

ಕೈಗೆ ತೆಗೆದುಕೊಂಡೆ. ಪ್ಲಾಸ್ಟಿಕ್ ಬೋಗುಣಿಯಷ್ಟು ಹಗುರ. ಬಿಚ್ಚಲು ಒಂದು ಸ್ಕ್ರೂ ಇಲ್ಲ, ಇಣುಕಲು ಒಂದು ಸಂದಿಲ್ಲ. ಹಾಗೆ ತಿರುವಿ ಮುರುವಿ ನೋಡಿದೆ. ಬೆಳಗಿನ ಎಂಟು ಗಂಟೆ, ಎದುರಿಗೆ ಒಳ್ಳೆಯ ಬಿಸಿಲು. ಆದರೂ ನನ್ನೊಳಗೆ ಬಹಳ ಹಳೆಯದೊಂದು ಭಯ ಮಗ್ಗುಲು ಬದಲಿಸಿತು. ನಿಮಗೆ ನಗು ಬರಬಹುದು. ಒಂದು ಆಯುಷ್ಯವನ್ನೇ ಹೆಡ್‌ಲೈಟಿನ ಜೊತೆ ಕಳೆದವನು ಅದನ್ನು ಕಂಡು ಹೆದರುತ್ತಾನೆಯೆ ಎಂದು. ಹೆದರುತ್ತಾನೆ. ಈ ಕಸುಬನ್ನು ನಾನು ಕಲಿತದ್ದು ಆಸೆಯಿಂದಲ್ಲ, ಭಯದಿಂದ. ಅದನ್ನು ಯಾರಿಗೂ ಸರಿಯಾಗಿ ಹೇಳಿದವನಲ್ಲ. ಓದುವ ನಿಮಗೆ ಅವಸರವೇನೂ ಇಲ್ಲದಿದ್ದರೆ ಹೇಳುತ್ತೇನೆ.

ಎರಡನೆಯ ಮಹಾಯುದ್ಧದ ಕಾಲ ಅದು. ನನಗೆ ಇಪ್ಪತ್ತೈದೋ ಇಪ್ಪತ್ತಾರೋ. ಹೊಸೂರಿನಿಂದ ಉದ್ದನಪಲ್ಲಿ, ರಾಯಕೋಟೆ ಮೇಲೆ ಕೃಷ್ಣಗಿರಿಗೆ ಹೋಗಿಬರುವ ಒಂದು ಖಾಸಗಿ ಬಸ್ಸಿಗೆ ನಾನು ಡ್ರೈವರು. ಬೆಳಿಗ್ಗೆ ಹೋಗುವುದು, ಸಂಜೆ ನಾಲ್ಕಕ್ಕೆ ಕೃಷ್ಣಗಿರಿ ಬಿಟ್ಟು ಹಿಂತಿರುಗುವುದು. ಪೆಟ್ರೋಲು ಧಾರಾಳವಾಗಿದ್ದಾಗ ದೀಪ ಹಚ್ಚುವ ಹೊತ್ತಿಗೆ ಮುಂಚೆಯೇ ಹೊಸೂರು ಸೇರಿಬಿಡುತ್ತಿದ್ದೆವು. ಯುದ್ಧ ಬಂದು ಪೆಟ್ರೋಲಿಗೆ ರೇಷನ್ ಆದಮೇಲೆ ಯಜಮಾನರು ಬಸ್ಸಿನ ಬೆನ್ನಿಗೆ ಇದ್ದಲಿನ ಗ್ಯಾಸಿನ ಒಲೆ ಕಟ್ಟಿಸಿದರು. ಅಂಡೆಯಂಥ ಒಂದು ಡ್ರಮ್ಮು; ಅದರಲ್ಲಿ ಇದ್ದಲು ಉರಿಸಿ, ಆ ಹೊಗೆಯಿಂದ ಇಂಜಿನ್ನು ಓಡಿಸುವುದು. ಓಡುವುದೇನು ಬಂತು, ಏದುಸಿರು ಬಿಡುತ್ತ ನಡೆಯುತ್ತಿತ್ತು. ರಾಯಕೋಟೆಯ ಏರಿನಲ್ಲಿ ಗಂಡಸರು ಇಳಿದು ತಳ್ಳುತ್ತಿದ್ದರು, ಹೆಂಗಸರು ಮೇಲೆ ಕೂತು ಬುದ್ಧಿ ಹೇಳುತ್ತಿದ್ದರು. ಹೀಗಾಗಿ ರಾಯಕೋಟೆ ಬಿಡುವಾಗಲೇ ಹೊತ್ತು ಮುಳುಗುತ್ತಿತ್ತು. ಅಲ್ಲಿಂದ ಮುಂದಿನ ದಾರಿಯೆಲ್ಲ ಹೆಡ್‌ಲೈಟಿನ ದಾರಿ.

ಕತ್ತಲ ದಾರಿ ನನಗೇನೂ ಹೊಸದಲ್ಲ. ಆದರೆ ಆ ವರ್ಷದ ಮಳೆಗಾಲದಲ್ಲಿ ಒಂದೂವರೆ ತಿಂಗಳು ಭೇದಿ ಹಿಡಿದು ನಾನು ಹಾಸಿಗೆ ಬಿಟ್ಟೇಳಲಿಲ್ಲ. ಎದ್ದು ಮತ್ತೆ ಬಸ್ಸು ಹತ್ತಿದ ಮೊದಲ ವಾರವೇ, ರಾಯಕೋಟೆ ದಾಟಿ ಸ್ವಿಚ್ಚು ಎಳೆದಾಗ, ಬೆಳಕು ಸಾಲದು ಅನ್ನಿಸಿತು. ಮುಂದೆ ಒಂದು ಮಬ್ಬು ಹಳದಿ ಚಾಪೆ ಹಾಸಿದ ಹಾಗೆ. ಅದರಾಚೆ ಏನೂ ಇಲ್ಲ. ರಸ್ತೆಯ ಅಂಚಿಲ್ಲ, ಮರವಿಲ್ಲ. ಗೋಡೆಯೊಂದು ನನ್ನೆದುರೇ ಮುಂದೆ ಮುಂದೆ ಸರಿಯುತ್ತಿದ್ದಂತೆ ಕತ್ತಲು. ಯುದ್ಧದ ದೆಸೆಯಿಂದ ಹೆಡ್‌ಲೈಟಿನ ಗಾಜಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯಬೇಕೆಂದು ಅಪ್ಪಣೆಯಾಗಿತ್ತು. ತಪ್ಪು ಆ ಬಣ್ಣದ್ದೇ ಎಂದುಕೊಂಡೆ. ಮರುದಿನ ಯಾರೂ ಇಲ್ಲದಾಗ ಉಗುರಿನಲ್ಲಿ ಒಂದಂಗುಲ ಕೆರೆದೆ. ಬೆಳಕು ಹೆಚ್ಚಲಿಲ್ಲ.

ನಮ್ಮ ಕಂಡಕ್ಟರು ಗೋವಿಂದಸ್ವಾಮಿಯನ್ನು ಕೇಳಿದೆ. ಅವನು ನನಗಿಂತ ಹತ್ತು ವರ್ಷ ದೊಡ್ಡವನು, ಮನೆಮಾತು ತಮಿಳು, ನಮ್ಮ ಹತ್ತಿರ ಕನ್ನಡ, ರೆಡ್ಡಿಗಳ ಹತ್ತಿರ ತೆಲುಗು. ಟಿಕೆಟು ಹರಿಯುವಾಗ ಮೂರೂ. ಲೈಟು ಮಂಕಾಗಿಲ್ಲವೇ ಅಣ್ಣ ಎಂದರೆ, ಹೋದ ವರ್ಷ ಹೇಗಿತ್ತೋ ಈಗಲೂ ಹಾಗೇ ಇದೆ ಎಂದ. ನನಗೆ ಕೋಪ ಬಂತು. ಫುಟ್‌ಬೋರ್ಡಿನ ಮೇಲೆ ನಿಂತವನಿಗೆ ಬೆಳಕಿನ ವಿಷಯ ಏನು ಗೊತ್ತು ಎಂದುಕೊಂಡೆ.

ಹಾಗೆ ನಾನು ಬುಡನ್ ಸಾಬರ ಅಂಗಡಿಗೆ ಹೋದದ್ದು. ಕೃಷ್ಣಗಿರಿಯ ಹಳೇಪೇಟೆಯಲ್ಲಿ, ಒಂದು ಇಕ್ಕಟ್ಟಾದ ಕತ್ತಲೆ ಕೋಣೆ. ಅದರ ಬಾಗಿಲಿನಲ್ಲಿ ಬೆಳಕಿಗೆ ಮುಖ ಮಾಡಿ ಅರವತ್ತು ದಾಟಿದ ಸಾಬರು ಕೂತಿರುತ್ತಿದ್ದರು. ಸುತ್ತಲ ನಾಲ್ಕು ತಾಲ್ಲೂಕಿನ ಮೋಟಾರು ದೀಪಗಳೆಲ್ಲ ಅವರ ಕೈ ದಾಟಿ ಹೋಗಬೇಕು. ಯುದ್ಧದಿಂದಾಗಿ ಹೊಸ ಸಾಮಾನು ಬರುವುದು ನಿಂತು, ಹಳೆಯದನ್ನೇ ಜೀವ ಹಿಡಿಸಿ ಇಡುವ ಕೆಲಸ ಅವರದಾಗಿತ್ತು.

ಆಗಿನ ಹೆಡ್‌ಲೈಟು ಬಿಚ್ಚಲೆಂದೇ ಹುಟ್ಟಿದ ವಸ್ತು. ಮಡ್‌ಗಾರ್ಡಿನ ಮೇಲೆ ಎರಡು ತಪ್ಪಲೆಗಳನ್ನು ಮಗುಚಿದ ಹಾಗೆ ಕೂತಿರುತ್ತಿತ್ತು. ಮೆಕ್ಯಾನಿಕ್ಕುಗಳು ಡೂಮು ಅನ್ನುತ್ತಿದ್ದರು. ಅಡಿಯ ಸ್ಕ್ರೂ ಸಡಿಲಿಸಿದರೆ ಹಿತ್ತಾಳೆಯ ಬಳೆ ಕಳಚಿ ಬರುವುದು. ಬಳೆಯ ಹಿಂದೆ ಗೀರುಗೀರಾದ ದಪ್ಪ ಗಾಜು, ಗಾಜಿನ ಅಂಚಿಗೆ ಧೂಳು ನೀರು ನುಗ್ಗದಂತೆ ಒಂದು ಬೆಂಡಿನ ಪಟ್ಟಿ. ಅದರ ಹಿಂದೆ ಒಳಮೈಗೆಲ್ಲ ಬೆಳ್ಳಿ ಹಚ್ಚಿದ ಆಳವಾದ ಬಟ್ಟಲು, ಅದೇ ರಿಫ್ಲೆಕ್ಟರು. ಬಟ್ಟಲಿನ ನಡುವೆ ಬಲ್ಬು. ಬಲ್ಬಿನೊಳಗೆ ಕೂದಲಿಗಿಂತ ಸಣ್ಣ ಎರಡು ತಂತಿ, ಒಂದು ದೂರದ ಬೆಳಕಿಗೆ, ಒಂದು ಹತ್ತಿರದ್ದಕ್ಕೆ. ಬಲ್ಬು ಹಿಡಿದಿರುವ ಹೋಲ್ಡರನ್ನು ಎಳ್ಳುಕಾಳಿನಷ್ಟು ಹಿಂದೆ ಮುಂದೆ ಸರಿಸಲು ಇನ್ನೊಂದು ಸ್ಕ್ರೂ. ಇದೆಲ್ಲದರ ಬೆನ್ನಿಗೆ ವೈರು, ವೈರಿನ ಬೆನ್ನಿಗೆ ಬ್ಯಾಟರಿ, ಬ್ಯಾಟರಿಗೆ ತುಂಬುವ ಡೈನಮೋ.

"ತಂತಿ ಬೆಳಕು ಹೆರ್ತದೆ, ಬಟ್ಲು ದೂಡ್ತದೆ, ಗಾಜು ಹರವ್ತದೆ," ಎಂದರು ಬುಡನ್ ಸಾಬರು, ನಾನು ಮೊದಲ ಸಲ ಡೂಮು ಬಿಚ್ಚಿ ಅವರ ಮುಂದಿಟ್ಟಾಗ. "ಮೂರ್ರಲ್ಲಿ ಒಂದು ಸುಳ್ಳು ಹೇಳಿದ್ರೂ ರಸ್ತೆ ಸುಳ್ಳಾಗೋಯ್ತದೆ ಕಣಪ್ಪ."

ಸುಳ್ಳು ಹೇಳುತ್ತಿದ್ದ ಭಾಗ ಯಾವುದೆಂದು ನಾನು ಹುಡುಕಲು ಹೊರಟೆ. ಮೊದಲ ವಾರ ರಿಫ್ಲೆಕ್ಟರು. ಬೆಳ್ಳಿ ಕಪ್ಪಾಗಿದೆ ಎಂದೆ. ಸಾಬರು ಬೆರಳು ತಾಗಿಸದೆ, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಹತ್ತಿಯಿಂದ ಒರೆಸಿ ಕೊಟ್ಟರು. ಮುಖ ನೋಡಿಕೊಳ್ಳಬಹುದಿತ್ತು. ಆ ಸಂಜೆಯೂ ಅದೇ ಗೋಡೆ. ಎರಡನೆಯ ವಾರ ಬಲ್ಬು ಎಂದೆ. ಎಲ್ಲಿಂದಲೋ ಹುಡುಕಿ ಬೇರೆಯದು ಹಾಕಿದರು. ಮೂರನೆಯ ವಾರ ಹೋಲ್ಡರು ಸರಿದಿದೆ ಎಂದೆ. ಆಮೇಲೆ ವೈರು. ಆಮೇಲೆ ಬ್ಯಾಟರಿಯ ನೀರು. ಪ್ರತಿ ಸಲವೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅವರ ಕೈಯನ್ನೇ ನೋಡುತ್ತಿದ್ದೆ. ಎರಡು ತಿಂಗಳಲ್ಲಿ ಹೆಡ್‌ಲೈಟಿನ ಒಂದೊಂದು ಅಂಗವೂ ನನಗೆ ಬಾಯಿಪಾಠವಾಯಿತು. ಇಷ್ಟು ಶ್ರದ್ಧೆಯ ಡ್ರೈವರನ್ನು ಕಂಡಿಲ್ಲ ಎಂದು ಸಾಬರು ಮೆಚ್ಚಿದರು. ನಾನು ಆ ಮೆಚ್ಚುಗೆಯನ್ನು ತಲೆ ತಗ್ಗಿಸಿ ಸ್ವೀಕರಿಸಿದೆ. ಒಳಗೆಲ್ಲೋ ನನಗಾಗಲೇ ಗೊತ್ತಿತ್ತು. ಗೊತ್ತಿದ್ದರಿಂದಲೇ ಅಷ್ಟು ಹುಡುಕುತ್ತಿದ್ದೆ.

ಯಾಕೆಂದರೆ ಮನೆಯಲ್ಲಿ ಹೆಡ್‌ಲೈಟು ಇರಲಿಲ್ಲವಲ್ಲ. ಅಲ್ಲಿಯೂ ಕಾಣುತ್ತಿರಲಿಲ್ಲ. ಹೊಸೂರಿನಲ್ಲಿ ಬಸ್ಸು ಬಿಟ್ಟು ಮತ್ತಿಗಿರಿಗೆ ನಡೆದು ಬರಬೇಕು. ಆ ಕಡೆ ಹೋಗುವ ಯಾವುದಾದರೂ ಗಾಡಿ ಸಿಕ್ಕುವವರೆಗೆ ಕಾದು, ಬೆಳೆಯ ಬಗ್ಗೆ, ಎತ್ತುಗಳ ಬಗ್ಗೆ ಬಹಳ ಆಸಕ್ತಿಯಿಂದ ಮಾತು ತೆಗೆದು, ಗಾಡಿಯ ಹಿಂದಿನ ಗಳು ಹಿಡಿದುಕೊಂಡು ನಡೆಯುತ್ತಿದ್ದೆ. ನನ್ನಷ್ಟು ಸ್ನೇಹದ ಮನುಷ್ಯ ಇಲ್ಲವೆಂದು ಗಾಡಿಯವರೆಲ್ಲ ಅಂದುಕೊಂಡಿದ್ದರು. ಮನೆ ಬಾಗಿಲಿನಲ್ಲಿ ಹೊಸಿಲು ಎಡವುತ್ತಿದ್ದೆ. ಒಲೆಯ ಬೆಳಕಿನಲ್ಲಿ ಊಟಕ್ಕೆ ಕೂತರೆ ಕೈ ಮುದ್ದೆಗೆ ಹೋಗುವ ಬದಲು ನೀರಿನ ಚೊಂಬಿಗೆ ಹೋಗುತ್ತಿತ್ತು.

ನನ್ನ ಹೆಂಡತಿ ನಂಜಮ್ಮ, ಗುಮ್ಮಳಾಪುರದವಳು, ಇದನ್ನೆಲ್ಲ ನೋಡಿ ತಾನೇ ಒಂದು ಅರ್ಥ ಮಾಡಿಕೊಂಡಳು. ಬೆಳಿಗ್ಗೆ ಸರಿಯಾಗಿಯೇ ಹೋಗುವ ಗಂಡ ಸಂಜೆ ತಡವರಿಸುತ್ತ ಬರುತ್ತಾನೆಂದರೆ ಬೇರೆ ಏನಿದ್ದೀತು? ನಾನು ಕುಡಿಯಲು ಕಲಿತೆನೆಂದು ತೀರ್ಮಾನಿಸಿದಳು. ಒಂದು ಸಂಜೆ ಮುಖದ ಹತ್ತಿರ ಬಂದು ಮೂಸಿದಳು. ಹೆಂಡದ ವಾಸನೆ ಬರದಿದ್ದರೂ ಇದ್ದಲಿನ ಹೊಗೆ ಅದನ್ನು ಮುಚ್ಚಿದೆ ಎಂದು ಅವಳ ವಾದ. ಎಂಟು ತಿಂಗಳ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕಣ್ಣೀರಿಟ್ಟಳು.

ನಾನು ಏನು ಮಾಡಿದೆ ಗೊತ್ತೇ? ಸುಮ್ಮನಿದ್ದೆ. ಕುಡುಕನೆಂದರೆ ಕುಡುಕನೇ ಇರಲಿ. ಕುಡುಕ ಡ್ರೈವರಿಗೆ ಬೈದಾರು, ಕೆಲಸದಿಂದ ತೆಗೆಯಲಾರರು. ಆ ಕಾಲದಲ್ಲಿ ಹಾಗೆ ತೆಗೆದಿದ್ದರೆ ಬಸ್ಸುಗಳೇ ಓಡುತ್ತಿರಲಿಲ್ಲ. ಕುರುಡು ಡ್ರೈವರಿಗೆ ಮಾತ್ರ ಎಲ್ಲೂ ಜಾಗವಿಲ್ಲ. ಭಯ ಮನುಷ್ಯನಿಗೆ ಎಂಥೆಂಥ ಲೆಕ್ಕಾಚಾರ ಕಲಿಸುತ್ತದೆ ನೋಡಿ.

ಹಾಗಾದರೆ ಆ ಕತ್ತಲಲ್ಲಿ ಬಸ್ಸು ಹೇಗೆ ನಡೆಸುತ್ತಿದ್ದೆ ಎಂದು ಕೇಳುತ್ತೀರಿ. ನೆನಪಿನಿಂದ. ಎಲ್ಲಿ ತಿರುವು, ಎಲ್ಲಿ ಇಳಿಜಾರು ಎಂದು ಸೀಟಿನ ಕೆಳಗಿನ ಅಲುಗಾಟದಿಂದಲೇ ತಿಳಿಯುತ್ತಿತ್ತು. ಸುಣ್ಣ ಬಳಿದ ಹುಣಸೆ ಮರಗಳನ್ನು ಎಣಿಸುತ್ತಿದ್ದೆ. ಅವು ಬೆಳಕಿಗೆ ಬಿದ್ದಾಗ ಬೂದಿಯ ಹಾಗೆ ತೇಲಿ ಬರುತ್ತಿದ್ದವು. ಗೋವಿಂದಸ್ವಾಮಿ ಫುಟ್‌ಬೋರ್ಡಿನಿಂದ ರೈಟ್ ರೈಟ್ ಎಂದರೆ ದಾರಿ ಬಿಡುವಾಗಿದೆ ಎಂದು ತಿಳಿದುಕೊಳ್ಳುತ್ತಿದ್ದೆ. ಎಲ್ಲಕ್ಕಿಂತ ಹೆದರಿಕೆ ಉದ್ದನಪಲ್ಲಿಗೆ ಮುಂಚೆ ಸಿಗುವ ಕೆರೆ ಏರಿಯದು. ಆಗ ರಸ್ತೆ ಹೋಗುತ್ತಿದ್ದದ್ದೇ ಏರಿಯ ಮೇಲೆ. ಒಂದು ಬಸ್ಸಿಗಷ್ಟೇ ಅಗಲ. ಎಡಕ್ಕೆ ತುಂಬಿದ ನೀರು, ಬಲಕ್ಕೆ ಎರಡಾಳು ಆಳದಲ್ಲಿ ಗದ್ದೆ. ಅಂಚಿಗೆ ಸುಣ್ಣದ ಕಲ್ಲುಗಳು. ನಾನು ಅವನ್ನು ಬಾಯೊಳಗೇ ಎಣಿಸುತ್ತ ದಾಟುತ್ತಿದ್ದೆ. ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಆ ಏರಿ ನೆನಪಾಗಿ, ಹೋಗಿ ಡೂಮಿನ ಗಾಜನ್ನು ಮತ್ತೆ ಮತ್ತೆ ಒರೆಸುತ್ತಿದ್ದೆ.

ಒಂದು ಮಧ್ಯಾಹ್ನ ಮತ್ತೆ ಸಾಬರ ಅಂಗಡಿಗೆ ಹೋದೆ. ಗಾಜಿನ ಗೀರುಗಳು ಸವೆದಿರಬೇಕು ಎಂದು ಆ ದಿನದ ನನ್ನ ಕಾರಣ. ಸಾಬರು ಅಂದು ಬಾಗಿಲಲ್ಲಿರಲಿಲ್ಲ, ಒಳಗಿನಿಂದ ಬಾ ಎಂದರು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟೆ. ಯಾರಿಗಾದರೂ ಒಂದು ಕ್ಷಣ ಕಣ್ಣು ಕತ್ತಲಿಡುತ್ತದೆ, ಆಮೇಲೆ ತಿಳಿಯಾಗುತ್ತದೆ. ನನಗೆ ತಿಳಿಯಾಗಲಿಲ್ಲ. ಅವರು ಏನೋ ಕೇಳಿದರು, ನಾನು ಧ್ವನಿ ಬಂದ ಕಡೆಗೆ ಮುಖಮಾಡಿ ಉತ್ತರ ಕೊಟ್ಟೆ. ಅವರು ಸುಮ್ಮನಾದರು. ಆಮೇಲೆ ನನ್ನ ಮಣಿಕಟ್ಟು ಹಿಡಿದು ಬಾಗಿಲಿಗೆ ಕರೆತಂದರು. ಬೆಳಕಿಗೆ ಬಂದಾಗ ನೋಡಿದೆ, ಅವರ ಇನ್ನೊಂದು ಅಂಗೈಯಲ್ಲಿ ಒಂದು ಬಲ್ಬಿತ್ತು. ಅದನ್ನು ತೆಗೆದುಕೋ ಎಂದು ಅವರು ಒಳಗೆ ಅಷ್ಟು ಹೊತ್ತು ನನ್ನ ಮುಂದೆ ಕೈ ಚಾಚಿ ನಿಂತಿದ್ದರು.

"ದೀಪ್ದಲ್ಲಿ ಒಂದು ಐಬೂ ಇಲ್ಲ ಕಣಪ್ಪ," ಎಂದರು. "ದೀಪ ಆದ್ರೆ ನಾನು ಸರಿಮಾಡ್ತೀನಿ. ಕಣ್ಣು ನನ್ ಕೈಲಿಲ್ಲ."

ಇದು ಇರುಳುಗಣ್ಣು, ತಮ್ಮ ತಮ್ಮನಿಗೂ ಆಗಿತ್ತು, ವಾಸಿಯಾಗುತ್ತದೆ ಎಂದು ಧೈರ್ಯ ಹೇಳಿದರು. ಏನು ತಿನ್ನುತ್ತೀಯ ಎಂದು ವಿಚಾರಿಸಿದರು. ನಾನು ತಿನ್ನುತ್ತಿದ್ದದ್ದು ಕಾಫಿ ಹೋಟೆಲಿನ ಬೋಂಡ, ಮನೆಯಲ್ಲಿ ಮುದ್ದೆ ಮತ್ತು ಹುಣಸೆ ಸಾರು. ನಂಜಮ್ಮ ಮಾಡುತ್ತಿದ್ದ ಸೊಪ್ಪನ್ನೆಲ್ಲ, ಇದು ದನಕ್ಕೆ ಹಾಕುವುದು ಎಂದು ತಟ್ಟೆಯ ಅಂಚಿಗೆ ತಳ್ಳುವುದು ನನಗೊಂದು ದೊಡ್ಡಸ್ತಿಕೆಯಾಗಿತ್ತು. ಭೇದಿ ಬಂದು ಮೈಯಲ್ಲಿದ್ದದ್ದೂ ಹೋಗಿತ್ತು. ಲಿವರು ಅನ್ನುತ್ತಾರಲ್ಲ, ಆ ಕುರಿಯ ಈಲಿ ತಿನ್ನು, ನುಗ್ಗೆಸೊಪ್ಪು ತಿನ್ನು, ಆಸ್ಪತ್ರೆಗೆ ಹೋಗು ಎಂದರು. ಆದರೆ ಅದಕ್ಕೆ ಮೊದಲು ಈ ಸಂಜೆ ಗಾಡಿ ಮುಟ್ಟಬೇಡ, ಯಜಮಾನರಿಗೆ ಹೇಳು ಎಂದರು. ಹೇಳುತ್ತೇನೆ ಎಂದೆ. ಮಾತು ಕೊಡು ಎಂದರು. ಕೊಟ್ಟೆ.

ಆ ಸಂಜೆ ಬಸ್ಸು ನಡೆಸಿದೆ. ಮರುದಿನವೂ ನಡೆಸಿದೆ. ಆರು ಸಂಜೆ ನಡೆಸಿದೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ನಿಜ ನಿಜವೇ. ಮೊದಲು ನನಗೆ ಗೊತ್ತಿಲ್ಲವೆಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಆ ಆರು ಸಂಜೆ ಹಾಗೂ ಹೇಳಿಕೊಳ್ಳುವಂತಿರಲಿಲ್ಲ. ನಾಳೆ ಈಲಿ ತಿಂದರೆ ನಾಡಿದ್ದು ಕಣ್ಣು ಬಂದೀತು, ಅಲ್ಲಿಯವರೆಗೆ ದೂಡಿದರಾಯಿತು ಎಂದು ದೂಡಿದೆ. ಹಳೇಪೇಟೆಯ ದಾರಿ ಬಿಟ್ಟು ಸುತ್ತಿಕೊಂಡು ಓಡಾಡಿದೆ, ಸಾಬರ ಕಣ್ಣಿಗೆ ಬೀಳಬಾರದೆಂದು.

ಇತ್ತ ನಂಜಮ್ಮ ಗೋವಿಂದಸ್ವಾಮಿಯ ಮನೆಗೆ ಹೋಗಿ, ಇವನ ಕುಡಿತ ಬಿಡಿಸಣ್ಣ ಎಂದು ಕೇಳಿಕೊಂಡಿದ್ದಳು. ಅವನಿಗೆ ಆಶ್ಚರ್ಯ. ನಿನ್ನ ಗಂಡ ಕಾಫಿ ಬಿಟ್ಟು ಬೇರೆ ಕುಡಿದದ್ದು ನಾನು ನೋಡಿಲ್ಲ ಎಂದನಂತೆ. ಅವಳು ನಂಬಲಿಲ್ಲ, ಗಂಡಸರೆಲ್ಲ ಒಂದೇ ಎಂದುಕೊಂಡಳು. ತಾನೇ ಕಣ್ಣಾರೆ ನೋಡುವುದೆಂದು ಏಳನೆಯ ದಿನ, ಕೃಷ್ಣಗಿರಿಯಲ್ಲಿ ನೆಂಟರ ಮನೆಗೆ ಹೋಗಬೇಕೆಂಬ ನೆವ ತೆಗೆದು ಮಗುವನ್ನು ಎತ್ತಿಕೊಂಡು ಬೆಳಗಿನ ಬಸ್ಸು ಹತ್ತಿದಳು. ಸಂಜೆ ಹಿಂತಿರುಗುವಾಗ ನನ್ನ ಹಿಂದಿನ ಸೀಟಿನಲ್ಲೇ ಕೂತಳು.

ಈ ಬಸ್ಸು ಹತ್ತಬೇಡ ಎಂದು ಅವಳಿಗೆ ಹೇಳಿದರೆ ಯಾಕೆ ಎಂದೂ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ. ರಾಯಕೋಟೆಯಲ್ಲಿ ಇದ್ದಲು ತುಂಬಲು ನಿಂತಾಗ ಬೆಳಕು ಆಗಲೇ ಸೋರಿಹೋಗುತ್ತಿತ್ತು. ಅಲ್ಲಿಯೇ ನಿಲ್ಲಿಸಿಬಿಡಬೇಕೆಂದು ನಾಲಿಗೆಯ ತುದಿಗೆ ಬಂತು. ಇಪ್ಪತ್ತು ಜನ ಗೊಣಗುತ್ತ ಕೂತಿದ್ದರು, ಒಬ್ಬರಿಗೆ ಹೊಸೂರಿನಲ್ಲಿ ಕೆಲಸ, ಒಬ್ಬರ ಮನೆಯಲ್ಲಿ ಕಾಯಿಲೆ. ನಾನು ಹತ್ತಿ ಕೂತು ಸ್ವಿಚ್ಚು ಎಳೆದೆ. ಹಳದಿ ಚಾಪೆ ಬಿತ್ತು. ಬೆನ್ನ ಹಿಂದೆ ಮಗು ಏನೋ ಸದ್ದು ಮಾಡಿ ನಕ್ಕಿತು. ಆವತ್ತು ನಾನು ಹೆದರಿದ ಹಾಗೆ ಮೊದಲೂ ಹೆದರಿರಲಿಲ್ಲ, ಆಮೇಲೂ ಇಲ್ಲ. ಕಿವಿಯೆಲ್ಲ ಬೆನ್ನ ಹಿಂದಿನ ಮಗುವಿನ ಕಡೆಗೇ ಇದ್ದು, ಸೀಟಿನ ಕೆಳಗಿನ ಅಲುಗಾಟ ತಿಳಿಯಲಿಲ್ಲ. ಹುಣಸೆ ಮರಗಳ ಲೆಕ್ಕ ತಪ್ಪಿತು.

ಏರಿ ಬಂತೆಂದು ಗೊತ್ತಾದದ್ದು ಕಪ್ಪೆಗಳ ಸದ್ದಿನಿಂದ. ಮೊದಲ ಕಲ್ಲು ಬೂದಿಯಂತೆ ತೇಲಿ ಬಂದು ಹೋಯಿತು. ಎರಡನೆಯದು ಬಂತು. ಮೂರನೆಯದು ಬರಲಿಲ್ಲ. ಬರಬೇಕಾದ ಜಾಗದಲ್ಲಿ ಬರಲಿಲ್ಲ. ಗೋವಿಂದಸ್ವಾಮಿ ಒಳಗೆಲ್ಲೋ ಟಿಕೆಟಿನ ತಕರಾರಿನಲ್ಲಿದ್ದ, ಅವನ ರೈಟ್ ರೈಟ್ ಇರಲಿಲ್ಲ. ನಾನು ಬ್ರೇಕು ತುಳಿದೆ. ಬಸ್ಸು ಜಗ್ಗಿ ನಿಂತಿತು. ಇಂಜಿನ್ನು ಕೆಮ್ಮಿ ಆರಿಹೋಯಿತು. ಆಮೇಲೆ ಕಪ್ಪೆಗಳಷ್ಟೇ.

ಗೋವಿಂದಸ್ವಾಮಿ ಲಾಟೀನು ಹಿಡಿದು ಇಳಿದು ಮುಂದೆ ಹೋದ. ತಿರುಗಿ ನನ್ನ ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿ, ಮುಂದಿನ ಎಡ ಚಕ್ರ ಎರಡು ಕಲ್ಲುಗಳ ನಡುವೆ ನುಗ್ಗಿದೆ, ಅದರ ಮುಂದೆ ಒಂದು ಗೇಣು ಮಣ್ಣು, ಆಮೇಲೆ ನೀರು ಎಂದ.

"ಯಾಕ್ಲಾ ಈ ಕಡೀಕ್ ಬಂದೆ? ಕಲ್ಲು ಕಾಣ್ಲಿಲ್ವಾ?"

"ಕಾಣ್ಲಿಲ್ಲ ಅಣ್ಣ," ಎಂದೆ. "ನಂಗೆ ಕತ್ಲಾದ್ರೆ ಏನೂ ಕಾಣ್ಸಲ್ಲ. ಮೂರು ತಿಂಗ್ಳಾಯ್ತು."

ಮೆಲ್ಲಗೇ ಹೇಳಿದೆ. ಆದರೂ ಇಡೀ ಬಸ್ಸಿಗೆ ಕೇಳಿಸಿತು. ಯಾರೂ ಬೈಯಲಿಲ್ಲ. ಬೈಯಲಿಕ್ಕೂ ಅಲುಗಾಡಬೇಕಲ್ಲ, ಅಲುಗಾಡಲು ಎಲ್ಲರಿಗೂ ಭಯ. ಗೋವಿಂದಸ್ವಾಮಿ ಒಬ್ಬೊಬ್ಬರನ್ನಾಗಿ ಹಿಂಬಾಗಿಲಿನಿಂದ ಇಳಿಸಿದ. ಉದ್ದನಪಲ್ಲಿಯ ಒಬ್ಬ ಮುದುಕಿ ಇಳಿದು ಕೈ ಚಾಚಿದಳು. ನಂಜಮ್ಮ ಮಗುವನ್ನು ಅವಳಿಗೆ ಕೊಟ್ಟಳು. ಕೊಟ್ಟು ತಾನು ಮತ್ತೆ ಬಂದು ನನ್ನ ಹಿಂದೆ ಕೂತಳು. ಇಳಿ ಎಂದು ನಾನೂ ಹೇಳಿದೆ, ಗೋವಿಂದಸ್ವಾಮಿಯೂ ಹೇಳಿದ. "ನಾನು ಇಳಿಯಲ್ಲ," ಎಂದಳು, ಅಷ್ಟೇ.

ಗ್ಯಾಸು ಮತ್ತೆ ಹಿಡಿಯಲು ಅರ್ಧ ಗಂಟೆ ಬೇಕಾಯಿತು. ಇಳಿದವರೇ ಸರದಿಯ ಮೇಲೆ ಇದ್ದಲಿನ ಒಲೆಗೆ ಗಾಳಿ ಊದುವ ಚಕ್ರ ತಿರುಗಿಸಿದರು. ಗೋವಿಂದಸ್ವಾಮಿ ಹೇಳಿದ ಹಾಗೆ ಒಂದೊಂದೇ ಗೇಣು ಹಿಂದೆ ಬಂದೆ. ಆಮೇಲೆ ಅವನು ಲಾಟೀನು ಎತ್ತಿಕೊಂಡು ಏರಿಯ ನಟ್ಟನಡುವೆ, ನನಗೆ ಮುಖಮಾಡಿ, ಹಿಂದು ಹಿಂದಕ್ಕೆ ನಡೆಯತೊಡಗಿದ. ಹೆಡ್‌ಲೈಟು ಆರಿಸು, ಇದೊಂದನ್ನೇ ನೋಡು, ಇದು ನಿಂತರೆ ನೀನೂ ನಿಲ್ಲಿಸು ಎಂದ. ರಸ್ತೆ ಕಾಣದಿದ್ದರೂ ಲಾಟೀನಿನ ಉರಿ ಕಾಣುತ್ತಿತ್ತು. ಆ ಕೆಂಪು ಚುಕ್ಕೆಯ ಹಿಂದೆ, ಕಾಲ್ನಡಿಗೆಗಿಂತ ನಿಧಾನವಾಗಿ, ಏರಿ ದಾಟಿದೆ. ಹಿಂದಿನಿಂದ ನಂಜಮ್ಮನ ಉಸಿರಾಟ ಕೇಳುತ್ತಿತ್ತು.

ಅಂದು ಬಸ್ಸು ಉದ್ದನಪಲ್ಲಿಯಲ್ಲೇ ನಿಂತಿತು. ಜನ ಚಾವಡಿಯಲ್ಲಿ ಮಲಗಿದರು. ಗೋವಿಂದಸ್ವಾಮಿ ನನ್ನ ಹತ್ತಿರ ಬಂದು ಕೂತ. ಹೊಡೆಯುತ್ತಾನೆಂದುಕೊಂಡೆ, ಹೊಡೆದಿದ್ದರೆ ಹಗುರಾಗುತ್ತಿತ್ತು.

"ಮೂರು ತಿಂಗ್ಳು ಫುಟ್‌ಬೋರ್ಡ್ ಮೇಲೆ ನಿಂತ್ಕೊಂಡು ರೈಟ್ ರೈಟ್ ಅಂತಿದ್ನಲ್ಲ," ಎಂದ, "ಅದು ಯಾರಿಗ್ಲಾ ಹೇಳ್ತಿದ್ದೆ ನಾನು?"

ಅವನು ಎದ್ದು ಹೋಗಿ ಬೇರೆ ಕಡೆ ಮಲಗಿದ. ಆಮೇಲೆ ಒಂದು ವರ್ಷ ನನ್ನೊಡನೆ ಮಾತಾಡಲಿಲ್ಲ.

ಬೆಳಕು ಹರಿದ ಮೇಲೆ ಬಸ್ಸನ್ನು ಹೊಸೂರಿಗೆ ತಂದು, ನಾನೇ ಯಜಮಾನರ ಮುಂದೆ ನಿಂತು ಎಲ್ಲ ಹೇಳಿ ಬೀಗದಕೈ ಇಟ್ಟೆ. ಅವರು ಅದನ್ನು ಎತ್ತಿಕೊಂಡು ಒಳಗೆ ಹೋದರು. ಮತ್ತೆಂದೂ ನನ್ನನ್ನು ಅವರ ಬಸ್ಸಿನ ಹತ್ತಿರ ಬಿಡಲಿಲ್ಲ, ಅದು ಸರಿಯೇ. ಉದ್ದನಪಲ್ಲಿಯಿಂದ ಹೊಸೂರಿನವರೆಗೆ ನನಗೆ ಕುರುಡು ಡ್ರೈವರು ಎಂದು ಹೆಸರು ಬಿತ್ತು. ಆಸ್ಪತ್ರೆಯ ಡಾಕ್ಟರು ಮೀನೆಣ್ಣೆ ಕೊಟ್ಟರು. ಅದರ ನಾತ ಇಂದಿಗೂ ಮೂಗಿನಲ್ಲಿದೆ. ನಂಜಮ್ಮ ಈಲಿ ಬೇಯಿಸಿ ಹಾಕಿದಳು, ನುಗ್ಗೆಸೊಪ್ಪು ಹಾಕಿದಳು, ನಾನು ದನದ ಹಾಗೆ ತಲೆ ತಗ್ಗಿಸಿಕೊಂಡು ತಿಂದೆ. ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಹಿತ್ತಲಿನ ಹಗ್ಗದ ಮೇಲೆ ಮಗುವಿನ ಬಟ್ಟೆ ಕಂಡವು. ಎಣಿಸಿದೆ, ನಾಲ್ಕಿದ್ದವು. ಹೋಗಿ ಮುಟ್ಟಿ ನೋಡಿದೆ, ನಾಲ್ಕೇ ಇದ್ದವು.

ಕಣ್ಣು ಬಂದರೂ ಸ್ಟೀರಿಂಗು ಹಿಡಿಯುವ ಧೈರ್ಯ ಬರಲಿಲ್ಲ. ಬುಡನ್ ಸಾಬರ ಅಂಗಡಿಯ ಮುಂದೆ ಹೋಗಿ ನಿಂತೆ. ಮಾತು ತಪ್ಪಿದ್ದನ್ನು ಅವರು ಎತ್ತಲಿಲ್ಲ. ಒಂದು ತುಕ್ಕು ಹಿಡಿದ ಡೂಮು ಮುಂದಕ್ಕೆ ತಳ್ಳಿ, ಬಿಚ್ಚು ಎಂದರು. ಐದು ವರ್ಷ ಅವರ ಹತ್ತಿರ ಕೂತೆ, ಆಮೇಲೆ ಹೊಸೂರಿನಲ್ಲಿ ನನ್ನದೇ ಅಂಗಡಿ. ಸಾಬರ ಹತ್ತಿರ ಸೇರಿದ ಮರುವರ್ಷ ಒಂದು ದಿನ ಗೋವಿಂದಸ್ವಾಮಿ ತನ್ನ ಸೈಕಲ್ಲಿನ ದೀಪ ತಂದು ನನ್ನ ಮುಂದಿಟ್ಟು, ಉರಿಯುತ್ತಿಲ್ಲ ನೋಡು ಎಂದ. ಅದು ಚೆನ್ನಾಗಿಯೇ ಉರಿಯುತ್ತಿತ್ತು. ಇಬ್ಬರೂ ಕೂತು ಅದನ್ನು ಪೂರ್ತಿ ಬಿಚ್ಚಿ ಪೂರ್ತಿ ಜೋಡಿಸಿದೆವು.

ಸೆಲ್ವಂಗೆ, ಮೆಕ್ಯಾನಿಕ್ಕು ಹೇಳಿದ್ದೇ ಸರಿ, ಸೆಟ್ಟು ಬದಲಾಯಿಸು ಎಂದು ಹೇಳಿ ಕಳಿಸಿದೆ. ಆಮೇಲೆ ಎರಡು ದಿನ ಕೂತು ಇಷ್ಟನ್ನು ಬರೆದೆ. ನಿನ್ನೆ ಸಂಜೆ ಜಗುಲಿಯ ಮೇಲೆ ನಂಜಮ್ಮ ಅವರೆಕಾಯಿ ಬಿಡಿಸುತ್ತಿದ್ದಾಗ ಅವಳಿಗೆ ಓದಿ ಹೇಳಿದೆ. ಕುಡಿತದ ವಿಷಯ ಬಂದಾಗ ನಕ್ಕಳು. ಏರಿಯ ವಿಷಯ ಬಂದಾಗ ಅವಳ ಕೈ ನಿಂತಿತು. ಮುಗಿದ ಮೇಲೆ, ಆವತ್ತು ನಿನಗೆ ಎಷ್ಟು ಹೆದರಿಕೆಯಾಗಿರಬೇಡ, ನಾನು ಹೇಳಿದ ಮೇಲೆ, ಎಂದೆ.

ಅವಳು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು.

"ನೀನು ಹೇಳೋಕ್ ಮುಂಚೇನೇ ಗೊತ್ತಿತ್ತು ನಂಗೆ," ಎಂದಳು. "ರಾಯಕೋಟೇಲಿ ಬಸ್ಸು ನಿಂತಾಗ ನಿನ್ ಮುಂದೆ ಬಾಳೆಹಣ್ಣು ಹಿಡ್ಕೊಂಡು ನಿಂತಿದ್ದೆ. ನೀನು ನನ್ ಪಕ್ಕದಾಗೇ ಹಾದ್ಕೊಂಡು ಹೋದೆ. ಕೂಗ್ಬೇಕು ಅಂದ್ಕೊಂಡೆ. ಕೂಗುದ್ರೆ ಎಲ್ರಿಗೂ ಗೊತ್ತಾಯ್ತದೆ, ಕೆಲ್ಸ ಹೋಯ್ತದೆ. ಸುಮ್ಕೆ ಬಂದು ಕೂತ್ಕೊಂಡೆ. ಕೂಸ್ನ ಸೆರಗ್ನಾಗೆ ಸೊಂಟಕ್ಕೆ ಬಿಗ್ದು ಕಟ್ಕೊಂಡೆ, ಬಿದ್ರೆ ಒಂದೇ ಕಡೆ ಸಿಕ್ಲಿ ಅಂತ."

ಆ ಭಯ ನನ್ನೊಬ್ಬನದೇ ಎಂದು ಇಷ್ಟು ವರ್ಷ ತಿಳಿದಿದ್ದೆ. ಅವಳ ಮಡಿಲಿನಲ್ಲಿ ಬಿಡಿಸಿದ ಅವರೆಕಾಳು ಹಾಗೇ ಇತ್ತು. ಬೀದಿಯಲ್ಲಿ ಕತ್ತಲಾಗುತ್ತಿತ್ತು, ಇಬ್ಬರಲ್ಲಿ ಯಾರೂ ಏಳಲಿಲ್ಲ.

"ಬಸ್ನಾಗೆ ಇಪ್ಪತ್ತು ಜನ ಇದ್ರು, ಆದ್ರೂ ನಾನು ಕೂಗ್ಲಿಲ್ಲ," ಎಂದಳು ಮತ್ತೆ. "ಇದ್ನೂ ಬರೀತೀಯಾ?"

ನೀನು ಬೇಡವೆಂದರೆ ಇಲ್ಲ ಎಂದೆ. ಅವಳು ಯೋಚಿಸಿದಳು.

"ಬರಿ," ಎಂದಳು.

ಬರೆದಿದ್ದೇನೆ.